ಬಾಗಿಲ ಹಿಂದಿನ ಬಾಕ್ಸ್‌ಗೆ ರಿಮೋಟ್ ಮುಟ್ಟಿಸುವುದು ಹೇಗೆ? ಐಆರ್ ಎಕ್ಸ್‌ಟೆಂಡರ್ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಟಿವಿಯನ್ನು ಗೋಡೆಗೆ ಹಾಕಿಸಿ, ಸೆಟ್-ಟಾಪ್ ಬಾಕ್ಸ್, ಆಂಪ್ಲಿಫೈಯರ್, ಪ್ಲೇಯರ್ ಎಲ್ಲವನ್ನೂ ಕೆಳಗಿನ ಕಪಾಟಿನೊಳಗೆ ಸೇರಿಸಿ ಬಾಗಿಲು ಮುಚ್ಚುವುದು ಈಗಿನ ಮನೆಗಳಲ್ಲಿ ರೂಢಿ. ಗೃಹಪ್ರವೇಶಕ್ಕೆ ಬಂದವರೆಲ್ಲ ಚೆಂದ ಎನ್ನುತ್ತಾರೆ. ಮರುದಿನ ಚಾನೆಲ್ ಬದಲಿಸಲು ಹೋದಾಗ ತಾನೆ ಗೊತ್ತಾಗುವುದು, ಲಕ್ಷಣವಾಗಿ ಮಾಡಿಸಿದ ಬಾಗಿಲನ್ನು ದಿನವಿಡೀ ತೆರೆದೇ ಇಡಬೇಕು ಎಂದು. ರಿಮೋಟಿನ ಬೆಳಕನ್ನು ಹೊರಗೆ ಹಿಡಿದು ಕಪಾಟಿನೊಳಗಿನ ಬಾಕ್ಸಿಗೆ ಮುಟ್ಟಿಸುವ ಸಾಧನವೇ ಐಆರ್ ಎಕ್ಸ್‌ಟೆಂಡರ್. ಆ ತೊಂದರೆ ಇರುವವರಿಗಾಗಿ ಈ ಪುಟ.

ಬಾಗಿಲು ಮುಚ್ಚಿದರೆ ರಿಮೋಟ್ ಯಾಕೆ ಕೆಲಸ ಮಾಡುವುದಿಲ್ಲ? ವೈಫೈ ಗೋಡೆಯನ್ನೇ ದಾಟುತ್ತದಲ್ಲ?

ವೈಫೈ ರೇಡಿಯೋ ಅಲೆ. ರಿಮೋಟಿನಿಂದ ಬರುವುದು ಬೆಳಕು. ಹೆಚ್ಚಿನ ರಿಮೋಟ್‌ಗಳ ಮೂತಿಯಲ್ಲಿರುವ ಎಲ್‌ಇಡಿ ಸುಮಾರು 940 ನ್ಯಾನೋಮೀಟರ್ ತರಂಗಾಂತರದ ಅವಗೆಂಪು (ಇನ್‌ಫ್ರಾರೆಡ್, ಚಿಕ್ಕದಾಗಿ ಐಆರ್) ಬೆಳಕು ಚೆಲ್ಲುತ್ತದೆ. ಅದು ನಮ್ಮ ಕಣ್ಣಿಗೆ ಕಾಣದು, ಅಷ್ಟೇ. ಉಳಿದಂತೆ ಮಾಮೂಲಿ ಬೆಳಕಿನ ಹಾಗೆಯೇ ನಡೆದುಕೊಳ್ಳುತ್ತದೆ: ಪ್ಲೈವುಡ್ಡಿಗೆ, ಲ್ಯಾಮಿನೇಟಿಗೆ ಬಡಿದರೆ ಅಲ್ಲಿಗೇ ಮುಗಿಯಿತು, ಬಿಳಿ ಗೋಡೆಗೆ ಬಿದ್ದರೆ ಒಂದಿಷ್ಟು ಪುಟಿದು ಬರುತ್ತದೆ, ಗಾಜನ್ನು ಹಾಯುತ್ತದೆ. ಈ ಬೆಳಕು ಸುಮ್ಮನೆ ಉರಿಯುವುದಿಲ್ಲ, ಸೆಕೆಂಡಿಗೆ ಸುಮಾರು 38,000 ಸಲ ಮಿಡಿಯುತ್ತದೆ. ಕೋಣೆಯಲ್ಲಿ ಬಲ್ಬಿದೆ, ಬಿಸಿಲಿದೆ, ಅವುಗಳ ನಡುವೆ ರಿಮೋಟಿನ ಬೆಳಕನ್ನು ಬಾಕ್ಸ್ ಗುರುತು ಹಿಡಿಯುವುದು ಈ ಮಿಡಿತದಿಂದಲೇ.

ಇದು ಬೆಳಕಿನ ವ್ಯವಹಾರ ಎಂಬ ಒಂದು ಮಾತು ತಲೆಯಲ್ಲಿದ್ದರೆ ಕೆಳಗಿನ ಮುಕ್ಕಾಲು ಪ್ರಶ್ನೆಗಳಿಗೆ ಉತ್ತರ ನಿಮಗೇ ಹೊಳೆಯುತ್ತದೆ.

ನನಗೆ ಎಕ್ಸ್‌ಟೆಂಡರ್ ನಿಜವಾಗಿಯೂ ಬೇಕೇ?

ಬೇಡದಿರಬಹುದು. ಕೊಳ್ಳುವ ಮುಂಚೆ ಎರಡು ಸಂಗತಿ ನೋಡಿ.

ಮೊದಲನೆಯದು, ನಿಮ್ಮ ರಿಮೋಟ್ ಐಆರ್ ಹೌದೋ ಅಲ್ಲವೋ. ಮೊಬೈಲಿನ ಕ್ಯಾಮೆರಾ ತೆರೆದು ರಿಮೋಟಿನ ಮೂತಿಯನ್ನು ಅದರತ್ತ ಹಿಡಿದು ಗುಂಡಿ ಒತ್ತಿ. ಪರದೆಯಲ್ಲಿ ನೇರಳೆ ಅಥವಾ ಬಿಳಿ ಬಣ್ಣದ ಮಿನುಗು ಕಂಡರೆ ಐಆರ್. ಎಷ್ಟೋ ಫೋನುಗಳ ಹಿಂದಿನ ಕ್ಯಾಮೆರಾದಲ್ಲಿ ಅವಗೆಂಪು ಬೆಳಕನ್ನು ತಡೆಯುವ ಫಿಲ್ಟರ್ ಬಲವಾಗಿರುತ್ತದೆ, ಹಾಗಾಗಿ ಸೆಲ್ಫಿ ಕ್ಯಾಮೆರಾದಲ್ಲೂ ನೋಡಿ. ಏನೂ ಕಾಣದಿದ್ದರೆ, ಸೆಲ್ ಸರಿಯಿದ್ದರೆ, ಅದು ಬಹುಶಃ ಬ್ಲೂಟೂತ್ ರಿಮೋಟ್. ಬ್ಲೂಟೂತಿಗೆ ಮರದ ಬಾಗಿಲು ಲೆಕ್ಕಕ್ಕಿಲ್ಲ. ಎಕ್ಸ್‌ಟೆಂಡರ್ ಬೇಕಾಗಿಯೂ ಇಲ್ಲ, ತಂದರೂ ಉಪಯೋಗವಿಲ್ಲ. ಎಲ್ಲ ಗುಂಡಿಗಳನ್ನೂ ಒತ್ತಿ ನೋಡುವುದು ಒಳ್ಳೆಯದು. ಫೈರ್ ಟಿವಿ ಸ್ಟಿಕ್‌ನಂಥವುಗಳ ರಿಮೋಟ್ ಸ್ಟಿಕ್ಕಿನೊಂದಿಗೆ ಬ್ಲೂಟೂತಿನಲ್ಲಿ ಮಾತಾಡುತ್ತದೆ, ಟಿವಿಯ ಪವರ್ ಮತ್ತು ವಾಲ್ಯೂಮಿಗೆ ಮಾತ್ರ ಐಆರ್ ಬಳಸುತ್ತದೆ. ಒಂದು ಗುಂಡಿಗೆ ಮಿನುಗಿ ಇನ್ನೊಂದಕ್ಕೆ ಮಿನುಗದಿದ್ದರೆ ರಿಮೋಟ್ ಕೆಟ್ಟಿದೆ ಎಂದುಕೊಳ್ಳಬೇಡಿ.

ಎರಡನೆಯದು ಎಚ್‌ಡಿಎಂಐ ಸಿಇಸಿ. ಎಚ್‌ಡಿಎಂಐ ಕೇಬಲ್ಲಿನಲ್ಲಿ ಚಿತ್ರ, ಸದ್ದಿನ ಜೊತೆಗೆ ಆಜ್ಞೆ ಸಾಗಿಸಲೂ ಒಂದು ಎಳೆ ಇದೆ. ಟಿವಿಯ ರಿಮೋಟಿನಿಂದಲೇ ಕಪಾಟಿನೊಳಗಿನ ಆಂಪಿನ ವಾಲ್ಯೂಮ್ ಏರಿಸಿ ಇಳಿಸಲು ಇದು ಸಾಕು. ಸೆಟ್ಟಿಂಗ್ಸಿನಲ್ಲಿ ಸಿಇಸಿ ಎಂಬ ಹೆಸರು ಸಿಗದೆ ಜನ ಸುಸ್ತಾಗುತ್ತಾರೆ, ಏಕೆಂದರೆ ಸ್ಯಾಮ್‌ಸಂಗ್ ಅದನ್ನು ಎನಿನೆಟ್ ಪ್ಲಸ್ ಎನ್ನುತ್ತದೆ, ಎಲ್‌ಜಿ ಸಿಂಪ್‌ಲಿಂಕ್ ಎನ್ನುತ್ತದೆ, ಸೋನಿ ಬ್ರಾವಿಯಾ ಸಿಂಕ್ ಎನ್ನುತ್ತದೆ. ಆನ್ ಮಾಡಿ ಒಂದು ವಾರ ನೋಡಿ. ಆಂಪ್ ಮತ್ತು ಬ್ಲೂರೇ ಪ್ಲೇಯರ್ ಮಾತ್ರ ಇರುವ ಮನೆಯಲ್ಲಿ ಅಷ್ಟಕ್ಕೇ ಕೆಲಸ ಮುಗಿಯಬಹುದು. ಕೇಬಲ್ ಮತ್ತು ಡಿಟಿಎಚ್ ಬಾಕ್ಸ್‌ಗಳಲ್ಲಿ ಮಾತ್ರ ಸಿಇಸಿಯನ್ನು ನಂಬಿಕೊಂಡು ಕೂರುವಂತಿಲ್ಲ.

ಕಿಟ್ ಒಳಗೆ ಏನೇನಿರುತ್ತದೆ?

ಮೂರು ಸಾಮಾನು. ಹೊರಗಿಡುವ ಕಣ್ಣು, ಅಂದರೆ ರಿಸೀವರ್: ರಿಮೋಟಿನ ಬೆಳಕನ್ನು ಹಿಡಿಯುವುದು. ನಡುವೆ ಒಂದು ಪುಟ್ಟ ಡಬ್ಬಿ, ಹಬ್ ಎನ್ನುತ್ತಾರೆ: 5 ಅಥವಾ 12 ವೋಲ್ಟ್ ಅಡಾಪ್ಟರಿನಿಂದ ನಡೆಯುವುದು. ಕೊನೆಯಲ್ಲಿ ಎಮಿಟರ್‌ಗಳು: ಕಡಲೆಬೀಜದ ಗಾತ್ರದ ಎಲ್‌ಇಡಿಗಳು, ಬಾಕ್ಸಿನ ಮುಖಕ್ಕೆ ಅಂಟಿಸುವುದು. ಕಣ್ಣಿಗೆ ಬಿದ್ದ ಬೆಳಕು ತಂತಿಯಲ್ಲಿ ಹಬ್ಬಿಗೆ ಹೋಗಿ, ಅಲ್ಲಿಂದ ಎಮಿಟರಿನಲ್ಲಿ ಮತ್ತೆ ಬೆಳಕಾಗಿ ಹೊರಬರುತ್ತದೆ. ಎಕ್ಸ್‌ಟೆಂಡರ್ ಏನನ್ನೂ ನೆನಪಿಟ್ಟುಕೊಳ್ಳುವುದಿಲ್ಲ, ಕಲಿಸುವ ಕೆಲಸವೂ ಇಲ್ಲ. ನಿಮ್ಮ ಹಳೆಯ ರಿಮೋಟ್‌ಗಳೇ ನಡೆಯುತ್ತವೆ.

ತಂತಿಯದ್ದು ಕೊಳ್ಳಲೋ, ವೈರ್‌ಲೆಸ್ ಕೊಳ್ಳಲೋ?

ಒಂದೇ ಕೋಣೆಯಾದರೆ ತಂತಿಯದ್ದು. ಇದರಲ್ಲಿ ಎರಡು ಮಾತಿಲ್ಲ.

ವೈರ್‌ಲೆಸ್ ಮಾದರಿಗಳು ರಿಮೋಟಿನ ಬೆಳಕನ್ನು ಸಾಮಾನ್ಯವಾಗಿ 433 ಮೆಗಾಹರ್ಟ್ಸ್ ರೇಡಿಯೋ ಅಲೆಯಾಗಿ ಬದಲಿಸಿ ಇನ್ನೊಂದು ಕೋಣೆಗೆ ಕಳಿಸುತ್ತವೆ, ಅಲ್ಲಿ ಮತ್ತೆ ಬೆಳಕಾಗಿಸುತ್ತವೆ. ಗೋಡೆ ಒಡೆಯುವ ಹಾಗಿಲ್ಲದ ಬಾಡಿಗೆ ಮನೆಯಲ್ಲಿ ಅದೇ ದಾರಿ. ಆದರೆ ಅದೇ ಅಲೆಯಲ್ಲಿ ಗೇಟಿನ ರಿಮೋಟ್, ಕಾರಿನ ಕೀ, ವೈರ್‌ಲೆಸ್ ಕರೆಗಂಟೆಗಳೂ ಓಡಾಡುತ್ತವೆ. ಅಪಾರ್ಟ್‌ಮೆಂಟಿನಲ್ಲಿ ಪಕ್ಕದವರ ಗಂಟೆ ಬಾರಿಸಿದಾಗ ನಿಮ್ಮ ಗುಂಡಿಯೊತ್ತು ಕಳೆದುಹೋಗುವುದು ವಿಚಿತ್ರವೇನಲ್ಲ.

ಮನೆ ಇನ್ನೂ ಕಟ್ಟುತ್ತಿದ್ದೇವೆ. ಈಗಲೇ ಏನು ಮಾಡಿಸಿಡಬೇಕು?

ಟಿವಿಯ ಹಿಂದಿನಿಂದ ಕಪಾಟಿನವರೆಗೆ ಒಂದು ಖಾಲಿ ಪೈಪ್ ಹಾಕಿಸಿ, ಒಳಗೆ ಎಳೆಯುವ ದಾರ ಬಿಟ್ಟಿರಿ. ಎಚ್‌ಡಿಎಂಐ ಪಿನ್ ತೂರುವಷ್ಟು ಅಗಲದ ಪೈಪ್ ಇರಲಿ. ಬೆಂಡ್ ಕಡಿಮೆ ಇರಲಿ. ಇನ್ನೊಂದು ಕೋಣೆಗೆ ಟಿವಿ ಹಾಕುವ ಯೋಚನೆಯಿದ್ದರೆ ಅಲ್ಲಿಗೂ ಎರಡು ಕ್ಯಾಟ್-6 ಕೇಬಲ್ (ಇಂಟರ್ನೆಟ್ಟಿಗೆ ಬಳಸುವ ನೆಟ್‌ವರ್ಕ್ ಕೇಬಲ್) ಎಳೆಸಿಡಿ. ಒಂದರಲ್ಲೇ ಕೆಲಸವಾಗುತ್ತದೆ, ಎರಡನೆಯದು ಇಲಿ ಕಡಿದಾಗ, ಇಲ್ಲವೇ ಯಾರೋ ಮೊಳೆ ಹೊಡೆದಾಗ ಬೇಕಾಗುತ್ತದೆ.

ಎಲೆಕ್ಟ್ರೀಷಿಯನ್‌ಗೆ ಖಂಡಿತವಾಗಿ ಹೇಳಬೇಕಾದದ್ದು: 230 ವೋಲ್ಟಿನ ವೈರ್ ಹೋಗುವ ಪೈಪಿನಲ್ಲಿ ಈ ತಂತಿಗಳನ್ನು ಸೇರಿಸಬಾರದು. ಜಾಗ ಉಳಿಸಲು ಸೇರಿಸಿಯೇ ಬಿಡುತ್ತಾರೆ. ಸಿಗ್ನಲ್ ಕೆಡುವುದು ಸಣ್ಣ ವಿಷಯ. ಎಲ್ಲಾದರೂ ಇನ್ಸುಲೇಷನ್ ಸುಲಿದು ಎರಡೂ ತಗುಲಿದರೆ, ಕೈಯಲ್ಲಿ ಮುಟ್ಟುವ ಪುಟ್ಟ ಪಿನ್‌ಗೆ ಮನೆಯ ಕರೆಂಟೇ ಬರುತ್ತದೆ.

ಮನೆ ಆಗಲೇ ಮುಗಿದಿದ್ದರೆ ಕೇಸಿಂಗ್ ಪಟ್ಟಿ ಹೊಡೆಸಿ ಸ್ಕರ್ಟಿಂಗ್ ಮೇಲೆ ತಂತಿ ಓಡಿಸಬಹುದು. ಗೋಡೆಯ ಬಣ್ಣವನ್ನೇ ಬಳಿದರೆ ಯಾರ ಕಣ್ಣಿಗೂ ಬೀಳದು.

ಕಣ್ಣನ್ನು ಎಲ್ಲಿಡಬೇಕು?

ಸೋಫಾದಲ್ಲಿ ಕೂತಾಗ ನೇರ ಕಾಣುವಲ್ಲಿ, ಟಿವಿಯ ಪರದೆಯಿಂದ ಒಂದಿಷ್ಟು ದೂರದಲ್ಲಿ. ಟಿವಿಯ ಕೆಳ ಅಂಚಿಗೇ ಅಂಟಿಸಬೇಕೆಂದು ಎಲ್ಲರಿಗೂ ಆಸೆ. ಕೆಲವು ಟಿವಿಗಳ ಬ್ಯಾಕ್‌ಲೈಟ್ ಕಣ್ಣನ್ನು ಗಲಿಬಿಲಿಗೊಳಿಸುತ್ತದೆ, ಹಾಗಾಗಿ ಮೊದಲು ಮಾಮೂಲಿ ಟೇಪಿನಲ್ಲಿ ಹಚ್ಚಿ ಎರಡು ದಿನ ನೋಡಿ, ಆಮೇಲೆ ಅಂಟಿಸಿ. ಸಂಜೆ ಬಿಸಿಲು ಬೀಳುವ ಪಶ್ಚಿಮದ ಕಿಟಕಿಗೆ ಎದುರಾಗಿ ಇಡಬೇಡಿ. ಬಿಸಿಲಲ್ಲಿ ಅವಗೆಂಪು ಬೆಳಕು ಧಾರಾಳವಾಗಿದೆ. ಅದರ ಮುಂದೆ ರಿಮೋಟಿನ ಮಿಣುಕು ಕಾಣುವುದಿಲ್ಲ. ಸಂಜೆ ನಾಲ್ಕರಿಂದ ಆರರವರೆಗೆ ಮಾತ್ರ ಕೆಲಸ ಮಾಡುವುದಿಲ್ಲ ಎಂಬ ದೂರಿಗೆ ಬೇರೆ ಕಾರಣ ಹುಡುಕಬೇಕಾಗಿಲ್ಲ.

ಬಾಗಿಲು ಗಾಜಿನದ್ದೋ, ಜಾಲರಿಯದ್ದೋ, ಸ್ಪೀಕರ್ ಬಟ್ಟೆಯದ್ದೋ ಆಗಿದ್ದರೆ ಕಣ್ಣನ್ನು ಬಾಗಿಲ ಹಿಂದೆಯೇ ಅಡಗಿಸಬಹುದು. ಕಪ್ಪು ಗಾಜಾದರೂ ಒಮ್ಮೆ ಪರೀಕ್ಷಿಸಿ. ನಮಗೆ ಕಪ್ಪಾಗಿ ಕಾಣುವ ಎಷ್ಟೋ ಗಾಜು, ಅಕ್ರಿಲಿಕ್‌ಗಳನ್ನು ಅವಗೆಂಪು ಬೆಳಕು ಸಲೀಸಾಗಿ ಹಾಯುತ್ತದೆ. ಟಿವಿಯ ಸ್ವಂತ ಸೆನ್ಸರ್ ಮೇಲಿರುವುದೂ ಅಂಥದ್ದೇ ಕಪ್ಪು ಪ್ಲಾಸ್ಟಿಕ್.

ಎಮಿಟರ್ ಅಂಟಿಸಿದೆ, ಬಾಕ್ಸ್ ಕದಲುತ್ತಿಲ್ಲ. ಯಾಕೆ?

ಹತ್ತಕ್ಕೆ ಒಂಬತ್ತು ಪಾಲು, ಅಂಟಿಸಿದ ಜಾಗ ತಪ್ಪಿದೆ. ಬಾಕ್ಸಿನ ಮುಂಭಾಗ ಉದ್ದಕ್ಕೂ ಕಪ್ಪಗಿರುತ್ತದೆ, ಸೆನ್ಸರ್ ಅದರಲ್ಲಿ ಒಂದೇ ಕಡೆ, ಕಾಳಿನಷ್ಟು ಜಾಗದಲ್ಲಿರುತ್ತದೆ. ಟಾರ್ಚನ್ನು ಓರೆಯಾಗಿ ಬಿಟ್ಟು ನೋಡಿ. ಕಪ್ಪು ಪ್ಲಾಸ್ಟಿಕ್ಕಿನ ಹಿಂದೆ ಗುಂಡಗಿನ ಒಂದು ಉಬ್ಬು, ಅಥವಾ ಚೌಕದ ಲೋಹದ ಗೂಡು ಕಾಣುತ್ತದೆ.

ಟಾರ್ಚಿಗೂ ಕಾಣದಿದ್ದರೆ ಇನ್ನೊಂದು ಉಪಾಯ ಇದೆ. ಅಸಲಿ ರಿಮೋಟಿನ ಮೂತಿಯನ್ನು ಕೈಯಲ್ಲಿ ಮುಚ್ಚಿ, ಬೆರಳ ಸಂದಿಯಿಂದ ಸಣ್ಣದಾಗಿ ಬೆಳಕು ಬರುವ ಹಾಗೆ ಹಿಡಿದು, ಬಾಕ್ಸಿಗೆ ತಾಗಿಸಿಕೊಂಡೇ ಎಡದಿಂದ ಬಲಕ್ಕೆ ಸರಿಸುತ್ತ ಗುಂಡಿ ಒತ್ತುತ್ತಾ ಹೋಗಿ. ಬಾಕ್ಸ್ ಎಲ್ಲಿ ಸ್ಪಂದಿಸಿತೋ ಅಲ್ಲಿಗೆ ಪೆನ್ಸಿಲ್ ಗುರುತು ಹಾಕಿ. ಎಮಿಟರಿನ ಮೇಲಿನ ಕಾಗದ ಕಿತ್ತು ಅಂಟಿಸುವ ಮುಂಚೆ ಆ ಗುರುತಿನಲ್ಲಿ ಬೆರಳಿನಿಂದ ಒತ್ತಿ ಹಿಡಿದು ಪರೀಕ್ಷಿಸಿ. ಆ ಗೋಂದು ಒಂದೇ ಸಲಕ್ಕೆ. ಎರಡನೇ ಸಲ ಅಂಟಿಸಿದ್ದು ಬೇಸಿಗೆ ಬರುವಷ್ಟರಲ್ಲಿ ಜಾರಿ ಕಪಾಟಿನ ತಳದಲ್ಲಿ ಬಿದ್ದಿರುತ್ತದೆ. ಕರಾವಳಿಯ ಸೆಕೆಯಲ್ಲಂತೂ ಅಷ್ಟು ದಿನವೂ ಕಾಯುವುದಿಲ್ಲ. ಬಾಕ್ಸಿನ ಮುಖವನ್ನು ಸ್ಪಿರಿಟ್ ಹಚ್ಚಿದ ಬಟ್ಟೆಯಲ್ಲಿ ಒರೆಸಿ ಒಣಗಿದ ಮೇಲೆ ಅಂಟಿಸುವುದು, ತಂತಿಯ ಭಾರ ಎಮಿಟರಿನ ಮೇಲೆ ಬೀಳದಂತೆ ಪಕ್ಕದಲ್ಲಿ ಒಂದು ಕ್ಲಿಪ್ ಹಾಕುವುದು, ಇವೆರಡನ್ನು ಬಿಡಬೇಡಿ.

ಜಾಗ ಸರಿಯಿದ್ದೂ ನಡೆಯದಿದ್ದರೆ ಎಮಿಟರ್ ಉರಿಯುತ್ತಿದೆಯೇ ಎಂದು ಮೊಬೈಲ್ ಕ್ಯಾಮೆರಾದಲ್ಲಿ ನೋಡಿ. ಉರಿಯದಿದ್ದರೆ ಪಿನ್ ಪೂರ್ತಿ ಒಳಗೆ ಹೋಗಿದೆಯೋ, ಕಣ್ಣಿನ ಪಿನ್ ಎಮಿಟರಿನ ತೂತಿಗೆ ಹೋಗಿದೆಯೋ ನೋಡಿ. ಎರಡೂ 3.5 ಮಿಲಿಮೀಟರ್ ಪಿನ್ನೇ, ನೋಡಲು ಒಂದೇ. ವಿಪರೀತದ ತೊಂದರೆಯೂ ಉಂಟು: ಎಮಿಟರಿನ ಬೆಳಕು ಸೆನ್ಸರಿಗೆ ತೀರ ಹೆಚ್ಚಾಗಿ ಅದು ತತ್ತರಿಸುವುದು. ಒಂದು ಅರ್ಧ ಸೆಂಟಿಮೀಟರ್ ಪಕ್ಕಕ್ಕೆ ಸರಿಸಿದರೆ ಸರಿಹೋಗುತ್ತದೆ.

ಯಾರೂ ಏನೂ ಒತ್ತದೆಯೇ ಕಣ್ಣಿನ ಕೆಂಪು ದೀಪ ಮಿನುಗುತ್ತಿದೆ.

ಕಣ್ಣಿಗೆ ಬೇರೆ ಯಾವುದೋ ಬೆಳಕು ಬೀಳುತ್ತಿದೆ. ಬಿಸಿಲು, ಟಿವಿ ಪರದೆ, ಸಿಎಫ್‌ಎಲ್, ಕಳಪೆ ಡ್ರೈವರ್ ಇರುವ ಎಲ್‌ಇಡಿ ಪಟ್ಟಿ. ಫಾಲ್ಸ್ ಸೀಲಿಂಗಿನ ಅಂಚಿಗೆ ಹಾಕಿದ ಬಣ್ಣದ ದೀಪಗಳೂ ಇದರಲ್ಲಿ ಸೇರುತ್ತವೆ. ಒಂದೊಂದಾಗಿ ಆರಿಸಿ ನೋಡಿ. ಯಾವುದನ್ನು ಆರಿಸಿದಾಗ ಮಿನುಗು ನಿಂತಿತೋ ಅದೇ ಕಳ್ಳ. ಕಣ್ಣನ್ನು ಬೇರೆಡೆಗೆ ತಿರುಗಿಸಿ. ಆಗದಿದ್ದರೆ ಅರೆಪಾರದರ್ಶಕ ಟೇಪನ್ನು ಒಂದು ಪದರ, ಸಾಲದಿದ್ದರೆ ಎರಡು ಪದರ ಮೇಲೆ ಹಚ್ಚಿ. ರಿಮೋಟಿನ ಬೆಳಕು ಬಲವಾಗಿರುವುದರಿಂದ ಅದು ಹಾಯುತ್ತದೆ, ಸಣ್ಣಪುಟ್ಟ ಗದ್ದಲ ಹೊರಗುಳಿಯುತ್ತದೆ.

ಇನ್ನೊಂದು ಕಾರಣ ಕಪಾಟಿನೊಳಗೇ ಇರಬಹುದು. ಎಮಿಟರಿನ ಬೆಳಕು ಸೋರಿ ಕಣ್ಣಿಗೇ ಬಿದ್ದರೆ, ಕಣ್ಣು ಅದನ್ನು ರಿಮೋಟೆಂದು ತಿಳಿದು ಮತ್ತೆ ಎಮಿಟರಿಗೆ ಕಳಿಸುತ್ತದೆ, ಎಮಿಟರ್ ಮತ್ತೆ ಕಣ್ಣಿಗೆ. ಮೈಕನ್ನು ಸ್ಪೀಕರಿನ ಮುಂದೆ ಹಿಡಿದರೆ ಕಿರ್ರೆನ್ನುವ ಹಾಗೆಯೇ ಇದೂ, ಆದರೆ ಸದ್ದಿಲ್ಲದೆ. ಗುಂಡಿ ಒಂದು ಸಲ ಒತ್ತಿದರೆ ವಾಲ್ಯೂಮ್ ಏರುತ್ತಲೇ ಹೋಗುವುದು, ಅಥವಾ ಬಾಕ್ಸ್ ಏನೂ ಮಾಡದೆ ಸುಮ್ಮನಿರುವುದು ಇದರ ಲಕ್ಷಣ. ಎಮಿಟರ್‌ಗಳನ್ನೆಲ್ಲ ಕಳಚಿ ನೋಡಿ. ಮಿನುಗು ನಿಂತರೆ ಸೋರಿಕೆಯೇ. ಪ್ರತಿ ಎಮಿಟರ್ ಮೇಲೂ ಎಲೆಕ್ಟ್ರೀಷಿಯನ್ ಬಳಸುವ ಕಪ್ಪು ಟೇಪಿನ ತುಂಡು ಹಚ್ಚಿ.

ಬಾಗಿಲು ತೆರೆದಾಗ ಶಬ್ದ ಎರಡೆರಡು ಹೆಜ್ಜೆ ಏರುತ್ತದೆ, ಪವರ್ ಗುಂಡಿ ಆನ್ ಮಾಡಿ ಕೂಡಲೇ ಆಫ್ ಮಾಡುತ್ತದೆ.

ಬಾಕ್ಸಿಗೆ ಈಗ ಎರಡು ದಾರಿಯಲ್ಲಿ ಬೆಳಕು ಹೋಗುತ್ತಿದೆ: ರಿಮೋಟಿನಿಂದ ನೇರವಾಗಿ ಒಂದು, ಎಮಿಟರಿನ ಮೂಲಕ ಇನ್ನೊಂದು. ಎಮಿಟರ್ ಮೇಲಿನ ಕಪ್ಪು ಟೇಪನ್ನು ಸೆನ್ಸರಿನ ಸುತ್ತಲೂ ಮುಚ್ಚುವಂತೆ ಅಗಲಿಸಿದರೆ ನೇರ ದಾರಿ ಬಂದ್ ಆಗುತ್ತದೆ.

ಒಂದೇ ಕಂಪನಿಯ ಎರಡು ಸೆಟ್-ಟಾಪ್ ಬಾಕ್ಸ್ ಒಂದೇ ಕಪಾಟಿನಲ್ಲಿವೆ. ಒಂದಕ್ಕೆ ಒತ್ತಿದರೆ ಎರಡೂ ಬದಲಾಗುತ್ತವೆ.

ಎರಡರ ರಿಮೋಟೂ ಒಂದೇ ಭಾಷೆ ಆಡುತ್ತವೆ, ಮಾಮೂಲಿ ಹಬ್ ಬಂದದ್ದನ್ನೆಲ್ಲ ಎಲ್ಲ ಎಮಿಟರ್‌ಗಳಿಗೂ ಹಂಚುತ್ತದೆ. ಎರಡು ಪ್ರತ್ಯೇಕ ಕಿಟ್ ಹಾಕಿ, ಎರಡೂ ಸೆನ್ಸರ್‌ಗಳನ್ನು ಟೇಪಿನಿಂದ ಬೆಳಕು ನುಸುಳದ ಹಾಗೆ ಮುಚ್ಚಿ. ಕಣ್ಣುಗಳು ಬೇರೆ ಬೇರೆ ಕೋಣೆಯಲ್ಲಿದ್ದರೆ ಮಾತ್ರ ಇದು ಪೂರ್ತಿ ಫಲಿಸುತ್ತದೆ.

ಹಾಲಿನಲ್ಲಿ ಬಾಕ್ಸ್ ಇದೆ, ಅದೇ ಚಿತ್ರ ಬೆಡ್‌ರೂಮಿನ ಟಿವಿಯಲ್ಲೂ ಬರಬೇಕು, ಅಲ್ಲಿಂದಲೇ ಚಾನೆಲ್ ಬದಲಿಸಬೇಕು.

ಎಚ್‌ಡಿಎಂಐ ಸ್ಪ್ಲಿಟರ್ (ಒಂದೇ ಚಿತ್ರವನ್ನು ಎರಡು ಕಡೆಗೆ ಹಂಚುವ ಡಬ್ಬಿ) ಹಾಕಿ, ಅದರಿಂದ ಕ್ಯಾಟ್-6 ಕೇಬಲ್ಲಿನ ಮೇಲೆ ಓಡುವ ಎಚ್‌ಡಿಎಂಐ ಎಕ್ಸ್‌ಟೆಂಡರ್ ಹಾಕುವುದು ಗಟ್ಟಿಯಾದ ದಾರಿ. ಅವುಗಳಲ್ಲಿ ಹೆಚ್ಚಿನವು ಐಆರ್ ದಾರಿಯನ್ನೂ ಜೊತೆಗೇ ಕೊಡುತ್ತವೆ. ತಪ್ಪಾಗುವುದು ಪಿನ್ ಹಾಕುವಲ್ಲಿ. ಚಿತ್ರ ಹಾಲಿನಿಂದ ಬೆಡ್‌ರೂಮಿಗೆ ಹೋಗುತ್ತದೆ, ರಿಮೋಟಿನ ಆಜ್ಞೆ ಬೆಡ್‌ರೂಮಿನಿಂದ ಹಾಲಿಗೆ ಬರುತ್ತದೆ, ದಿಕ್ಕು ತಿರುವುಮುರುವು. ಆದ್ದರಿಂದ ಡಬ್ಬಿಯ ಮೇಲೆ ಟಿಎಕ್ಸ್, ಆರ್‌ಎಕ್ಸ್ (ಚಿತ್ರ ಕಳಿಸುವ ಕಡೆ, ಪಡೆಯುವ ಕಡೆ) ಎಂದು ಬರೆದದ್ದನ್ನು ನೋಡಿ ಗಲಿಬಿಲಿಗೊಳ್ಳದೆ, ಜನ ಕೂರುವ ಕೋಣೆಯಲ್ಲಿ ಕಣ್ಣು, ಬಾಕ್ಸಿರುವ ಕೋಣೆಯಲ್ಲಿ ಎಮಿಟರ್ ಎಂಬುದನ್ನಷ್ಟೇ ನೆನಪಿಡಿ. ಎರಡು ಟಿವಿಯಲ್ಲೂ ಒಂದೇ ಚಾನೆಲ್ ಬರುತ್ತದೆ ಎಂಬುದನ್ನು ಮನೆಯವರಿಗೆ ಮೊದಲೇ ಹೇಳಿ. ಧಾರಾವಾಹಿಯ ಹೊತ್ತಿಗೆ ಕ್ರಿಕೆಟ್ ಹಾಕಿದವರ ಪರವಾಗಿ ಯಾವ ಎಕ್ಸ್‌ಟೆಂಡರೂ ನಿಲ್ಲುವುದಿಲ್ಲ.

ತಂತಿ ಉದ್ದ ಸಾಲುತ್ತಿಲ್ಲ. ಬೇರೆ ಕಂಪನಿಯ ಕಣ್ಣು ಹಾಕಬಹುದೇ?

ಉದ್ದ ಮಾಡುವುದಕ್ಕೆ ತೊಂದರೆಯಿಲ್ಲ. ಇಲ್ಲಿ ಹರಿಯುವುದು ಬಹಳ ನಿಧಾನದ ಸಿಗ್ನಲ್, ಹಾಗಾಗಿ ಕ್ಯಾಟ್-5 ಅಥವಾ ಕ್ಯಾಟ್-6 ತಂತಿ ಬೆಸೆದು ಇಪ್ಪತ್ತು ಮೂವತ್ತು ಮೀಟರ್ ಎಳೆದರೂ ನಡೆಯುತ್ತದೆ. ಕಣ್ಣಿಗೆ ಮೂರು ಎಳೆ ಬೇಕು: ವೋಲ್ಟೇಜ್, ಗ್ರೌಂಡ್, ಸಿಗ್ನಲ್. ಎಮಿಟರಿಗೆ ಎರಡು ಸಾಕು. ಅಂಗಡಿಯಲ್ಲಿ ಎಕ್ಸ್‌ಟೆನ್ಷನ್ ಕೊಳ್ಳುವಾಗ ಪಿನ್ನಿನ ಮೇಲಿನ ಕಪ್ಪು ಉಂಗುರ ಎಣಿಸಿ. ಒಂದೇ ಉಂಗುರವಿರುವ ಮೋನೋ ಕೇಬಲ್ಲಿನಲ್ಲಿ ಮೂರನೇ ಎಳೆ ಇರುವುದೇ ಇಲ್ಲ.

ಬೇರೆ ಕಂಪನಿಯ ಕಣ್ಣು ಹಾಕುವುದು ಮಾತ್ರ ಅಪಾಯ. ಪಿನ್ ಒಂದೇ ಅಳತೆಯದಾದರೂ ಯಾವ ಭಾಗಕ್ಕೆ ವೋಲ್ಟೇಜ್, ಯಾವುದಕ್ಕೆ ಸಿಗ್ನಲ್ ಎಂಬುದರಲ್ಲಿ ಕಂಪನಿಗಳ ನಡುವೆ ಒಮ್ಮತವಿಲ್ಲ. 5 ವೋಲ್ಟಿನ ಕಣ್ಣಿಗೆ 12 ವೋಲ್ಟ್ ಕೊಟ್ಟರೆ ಅದು ಮತ್ತೆ ಏಳುವುದಿಲ್ಲ.

ಆಂಪಿನ ಹಿಂದೆ ರಿಮೋಟ್ ಇನ್ ಎಂಬ ಜಾಕ್ ಇದೆ. ಎಮಿಟರ್ ಬಿಟ್ಟು ನೇರ ಅಲ್ಲಿಗೇ ಕೊಡಬಹುದೇ?

ಡೆನಾನ್, ಮರಾಂಟ್ಜ್, ಯಮಾಹಾ ಕಂಪನಿಗಳ ಅನೇಕ ಆಂಪ್‌ಗಳಲ್ಲಿ ಅದು ಇರುತ್ತದೆ. ಕೆಲಸ ಮಾಡಿದರೆ ಅದಕ್ಕಿಂತ ಚೊಕ್ಕ ದಾರಿ ಇಲ್ಲ, ಅಂಟು ಬಿಡುವ ಚಿಂತೆಯಿಲ್ಲ. ಆದರೆ ಆ ಜಾಕ್ ಎಷ್ಟು ವೋಲ್ಟ್ ಬಯಸುತ್ತದೆ, ಮಿಡಿತ ಸಹಿತ ಸಿಗ್ನಲ್ ಬೇಕೋ ಮಿಡಿತ ತೆಗೆದದ್ದು ಬೇಕೋ ಎಂಬುದು ಮಾದರಿಯಿಂದ ಮಾದರಿಗೆ ಬೇರೆ. ಮ್ಯಾನುಯಲ್ ಓದದೆ ಚುಚ್ಚಬೇಡಿ. ಬೆಲೆಬಾಳುವ ಆಂಪಿಗಿಂತ ಎಮಿಟರ್ ಅಗ್ಗ.

ಟಿವಿ ರಿಮೋಟ್ ನಡೆಯುತ್ತದೆ, ಇನ್ನೊಂದು ಮಾತ್ರ ನಡೆಯುವುದಿಲ್ಲ.

ಎಲ್ಲ ರಿಮೋಟ್‌ಗಳ ಮಿಡಿತ 38,000 ಅಲ್ಲ. ಫಿಲಿಪ್ಸ್ ರೂಪಿಸಿದ ಆರ್‌ಸಿ-5 ಪದ್ಧತಿ 36 ಕಿಲೋಹರ್ಟ್ಸ್ (ಸೆಕೆಂಡಿಗೆ 36,000 ಮಿಡಿತ), ಸೋನಿಯದು 40. ಇವು ಹತ್ತಿರವಿರುವುದರಿಂದ ಸಾಧಾರಣ ಕಣ್ಣೂ ಹಿಡಿಯುತ್ತದೆ. 56ರ ಆಸುಪಾಸಿನಲ್ಲಿ ಮಿಡಿಯುವ ಬಾಕ್ಸ್‌ಗಳಿವೆ; ಅವಕ್ಕೆ 30ರಿಂದ 60 ಕಿಲೋಹರ್ಟ್ಸ್ ಎಂದು ಬರೆದಿರುವ ವೈಡ್‌ಬ್ಯಾಂಡ್ ಕಣ್ಣು ಬೇಕು. ಬ್ಯಾಂಗ್ ಅಂಡ್ ಒಲುಫ್ಸೆನ್ ಒಬ್ಬರದು ಬೇರೆಯೇ ಲೋಕ, 455 ಕಿಲೋಹರ್ಟ್ಸ್. ಮಾಮೂಲಿ ಕಿಟ್ ಅದರ ಹತ್ತಿರವೂ ಸುಳಿಯದು.

ಇಷ್ಟೆಲ್ಲ ಯೋಚಿಸುವ ಮುಂಚೆ ಆ ರಿಮೋಟಿನ ಸೆಲ್ ಬದಲಿಸಿ.

ಫೋನಿನಿಂದ ನಡೆಸುವ ವೈಫೈ ಐಆರ್ ಬ್ಲಾಸ್ಟರ್ ತಂದರೆ ಆಗದೇ?

ಆಗುತ್ತದೆ, ಅದು ಬೇರೆ ಜಾತಿಯ ಸಾಮಾನು. ಬ್ಲಾಸ್ಟರ್ ನಿಮ್ಮ ರಿಮೋಟಿನ ಸಂಕೇತಗಳನ್ನು ಕಲಿತು ಇಟ್ಟುಕೊಂಡು, ಆ್ಯಪ್‌ನಲ್ಲೋ ಮಾತಿನಲ್ಲೋ ಹೇಳಿದಾಗ ಉಗುಳುತ್ತದೆ. ಎಸಿ, ಫ್ಯಾನ್‌ಗೆ ಚೆನ್ನ. ಟಿವಿ ನೋಡುವಾಗ ವಾಲ್ಯೂಮ್ ತಗ್ಗಿಸಲು ಫೋನ್ ಹುಡುಕಿ, ಲಾಕ್ ತೆಗೆದು, ಆ್ಯಪ್ ತೆರೆಯುವುದು ಅಜ್ಜ ಅಜ್ಜಿಯರಿರುವ ಮನೆಯಲ್ಲಿ ನಡೆಯುವ ಮಾತಲ್ಲ. ಅವರ ಕೈಗೆ ರೂಢಿಯಾದ ರಿಮೋಟನ್ನು ಕಸಿದುಕೊಳ್ಳದಿರುವುದೇ ಎಕ್ಸ್‌ಟೆಂಡರಿನ ದೊಡ್ಡ ಗುಣ.

ನಾನೇ ಮಾಡಿಕೊಳ್ಳಬಹುದೇ?

ಬೆಸುಗೆ ಬಲ್ಲವರಿಗೆ ಒಂದು ಭಾನುವಾರದ ಕೆಲಸ. ಟಿಎಸ್‌ಒಪಿ 1738 ರಿಸೀವರ್, 555 ಟೈಮರ್, ಅವಗೆಂಪು ಎಲ್‌ಇಡಿ, ಒಂದು ಟ್ರಾನ್ಸಿಸ್ಟರ್ ಬೇಕು, ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಎಲ್ಲ ಸಿಗುತ್ತವೆ. ಎಡವುವುದು ಒಂದೇ ಕಡೆ: 1738 ಒಳಗೇ ಮಿಡಿತವನ್ನು ಸೋಸಿ ತೆಗೆದುಬಿಡುತ್ತದೆ. ಅದರ ಔಟ್‌ಪುಟ್ಟನ್ನು ನೇರ ಎಲ್‌ಇಡಿಗೆ ಕೊಟ್ಟರೆ ಬಾಕ್ಸ್ ಗುರುತಿಸುವುದಿಲ್ಲ. 555ರಿಂದ 38 ಕಿಲೋಹರ್ಟ್ಸ್ ಮಿಡಿತವನ್ನು ಮತ್ತೆ ಸೇರಿಸಬೇಕು. ಅದರ ಔಟ್‌ಪುಟ್ ತಲೆಕೆಳಗು ಎಂಬುದೂ ನೆನಪಿರಲಿ, ಸಿಗ್ನಲ್ ಬಂದಾಗ ವೋಲ್ಟೇಜ್ ಕೆಳಗಿಳಿಯುತ್ತದೆ. ಎಲ್‌ಇಡಿ ಬಾಕ್ಸಿಗೆ ಅಂಟಿಕೊಂಡೇ ಇರುವುದರಿಂದ 20 ಮಿಲಿಆಂಪಿಯರ್ ಸಾಕು. 5 ವೋಲ್ಟಿಗೆ 180 ಅಥವಾ 220 ಓಮಿನ ರೆಸಿಸ್ಟರ್ ಹಾಕಿ.

ಕಪಾಟಿನ ಬಾಗಿಲು ಸದಾ ಮುಚ್ಚಿದ್ದರೆ ಆಂಪ್ ಬಿಸಿಯಾಗುವುದಿಲ್ಲವೇ?

ಆಗುತ್ತದೆ. ಎಕ್ಸ್‌ಟೆಂಡರ್ ಮಾರುವವರು ಈ ಮಾತು ಎತ್ತುವುದಿಲ್ಲ. ಆಂಪಿನ ಮೇಲೆ ಒಂದು ಗೇಣು ಖಾಲಿ ಜಾಗ, ಕಪಾಟಿನ ಹಿಂದೆ ಕೆಳಗೊಂದು ಮೇಲೊಂದು ದೊಡ್ಡ ತೂತು ಕೊರೆಸಿ. ಬಿಸಿ ಗಾಳಿ ಮೇಲಿನಿಂದ ಹೋಗಿ ತಣ್ಣನೆಯದು ಕೆಳಗಿನಿಂದ ಬರಲಿ. ಸೆಟ್-ಟಾಪ್ ಬಾಕ್ಸನ್ನು ಆಂಪಿನ ತಲೆಯ ಮೇಲೆ ಹೇರಬೇಡಿ.

ಹಬ್ಬಿಗೆ ಕರೆಂಟ್ ಎಲ್ಲಿಂದ ಕೊಡಲಿ? ಟಿವಿಯ ಯುಎಸ್‌ಬಿಯಿಂದ ಆದೀತೇ?

5 ವೋಲ್ಟಿನ ಹಬ್ ಆದರೆ ಆಗುತ್ತದೆ, ಆದರೆ ಟಿವಿ ಆಫ್ ಆದಾಗ ಬಹಳಷ್ಟು ಟಿವಿಗಳ ಯುಎಸ್‌ಬಿಯೂ ಆಫ್ ಆಗುತ್ತದೆ. ಟಿವಿ ಹಾಕದೆ ಬರೀ ಹಾಡು ಕೇಳೋಣವೆಂದು ಆಂಪಿನ ರಿಮೋಟ್ ಒತ್ತಿದರೆ ಕೇಳುವವರಿರುವುದಿಲ್ಲ. ಹಳೆಯ ಮೊಬೈಲ್ ಚಾರ್ಜರ್ ಒಂದನ್ನು ಹಬ್ಬಿಗೇ ಮೀಸಲಿಡಿ. ಮನೆಯಲ್ಲಿ ಯುಪಿಎಸ್ ಇದ್ದು ಸೆಟ್-ಟಾಪ್ ಬಾಕ್ಸ್ ಅದರ ಲೈನಿನಲ್ಲಿದ್ದರೆ, ಆ ಚಾರ್ಜರನ್ನೂ ಅದೇ ಲೈನಿಗೆ ಹಾಕಿ. ಇಲ್ಲದಿದ್ದರೆ ಕರೆಂಟ್ ಹೋದಾಗ ಟಿವಿ ಓಡುತ್ತಿರುತ್ತದೆ, ಚಾನೆಲ್ ಬದಲಿಸಲು ಮಾತ್ರ ಎದ್ದು ಹೋಗಿ ಕಪಾಟಿನ ಬಾಗಿಲು ತೆರೆಯಬೇಕಾಗುತ್ತದೆ.